ಮೂರು ಇಡ್ಲಿ ತೂಕದ ಲೆನ್ಸ್



ಹೋಟೆಲಿನವರಿಗೆ ಕ್ಯಾಮೆರಾ ಯಾಕೆ ಎಂದು ನೀವು ಕೇಳಬಹುದು. ನಾವೂ ಹಾಗೆಯೇ ಅಂದುಕೊಂಡಿದ್ದೆವು. 2016ರಲ್ಲಿ ನಮ್ಮಲ್ಲಿ 27 ವರ್ಷ ದುಡಿದ ಅಡಿಗೆ ಭಟ್ಟರು ಊರಿಗೆ ಹೊರಟು ನಿಂತರು. ಶಾಲು ಹೊದಿಸಿ, ಹಣ್ಣು ಕೊಟ್ಟು, ಮಗನ ಕ್ಯಾಮೆರಾದಲ್ಲಿ ನಾವೇ ಫೋಟೋ ತೆಗೆದೆವು. ಫ್ಲಾಶ್ ಹಾಕಿದ್ದರಲ್ಲಿ ಮುಖಕ್ಕೆ ಸುಣ್ಣ ಬಳಿದಂತೆ, ಹಿಂದೆಲ್ಲ ಕತ್ತಲೆ. ಫ್ಲಾಶ್ ಹಾಕದೆ ತೆಗೆದದ್ದು ಪೂರ್ತಿ ಅಲುಗಿಹೋಗಿತ್ತು. 27 ವರ್ಷದ ದುಡಿಮೆಗೆ ಒಂದು ನೆಟ್ಟಗಿನ ಚಿತ್ರವಿಲ್ಲ!

ಮಗನ ಗೆಳೆಯ ನೋಡಿ ನಕ್ಕು, ತನ್ನ ಪುಟ್ಟ ಲೆನ್ಸ್ ಕೊಟ್ಟ. ಮರುದಿನ ಬೆಳಿಗ್ಗೆ 5 ಗಂಟೆಗೆ ಭಟ್ಟರು ಕೊನೆಯ ಸಲ ಕಾವಲಿ ಮುಂದೆ ನಿಂತಾಗ, ಟ್ಯೂಬ್‌ಲೈಟ್ ಬೆಳಕಲ್ಲೇ ತೆಗೆದೆವು. ಹುಯ್ಯುತ್ತಿರುವ ಹಿಟ್ಟು, ಹಣೆಯ ಬೆವರು, ಎಲ್ಲ ಸ್ಪಷ್ಟ. ಅದೇ ವಾರ ನಾವೂ ಒಂದು ಕೊಂಡೆವು. ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಏನಿದು ಪ್ರೈಮ್ ಲೆನ್ಸ್?

ಜೂಮ್ ಇಲ್ಲದ ಲೆನ್ಸೇ ಪ್ರೈಮ್. ಹತ್ತಿರ ಬೇಕಾದರೆ ಕಾಲಿನಿಂದ ನಡೆದು ಹೋಗಬೇಕು. ನಮ್ಮದು ಕ್ಯಾನನ್ 50 ಮಿ.ಮೀ., ಎಫ್ 1.8 ಎಸ್‌ಟಿಎಂ. 2015ರಲ್ಲಿ ಬಂದದ್ದು. ತೂಕ 160 ಗ್ರಾಂ, ಹೆಚ್ಚುಕಡಿಮೆ ಮೂರು ಇಡ್ಲಿ. ಮದುವೆ ಫೋಟೋದವರು ಹಿಡಿಯುವ ಕ್ಯಾನನ್ 24-70 ಎಫ್ 2.8ರ ಎರಡನೇ ಆವೃತ್ತಿ 805 ಗ್ರಾಂ. ನಾವು ಕೊಂಡಾಗ ನಮ್ಮದರ ಬೆಲೆ ಹತ್ತು ಸಾವಿರದೊಳಗೆ ಇತ್ತು.

ಅಗ್ಗವೆಂದರೆ ಕಳಪೆ ಅಲ್ಲ. ಒಳಗೆ ಇರುವುದು 6 ಗಾಜು ಮಾತ್ರ, ಹೊರಗೆ ಪ್ಲಾಸ್ಟಿಕ್. ಇಂಥ ಗಾಜಿನ ಜೋಡಣೆಯ ಮೂಲ, ಜರ್ಮನಿಯ ತ್ಸೈಸ್ ಕಂಪನಿಯ ಪಾಲ್ ರುಡಾಲ್ಫ್ 1896ರಲ್ಲಿ ರೂಪಿಸಿದ ಪ್ಲಾನರ್ ಲೆನ್ಸ್. ನೂರು ವರ್ಷಕ್ಕೂ ಮೀರಿ ಪಳಗಿದ ಪಾಕ, ಸಾಮಗ್ರಿ ಕಡಿಮೆ. ನಮ್ಮ ಸಾರು ಇದ್ದ ಹಾಗೆ!

ಎಫ್ ಲೆಕ್ಕ

ನಾವು ಎಸ್‌ಎಸ್‌ಎಲ್‌ಸಿಯವರು. ಸಂಖ್ಯೆ ಸಣ್ಣದಾದಷ್ಟೂ ಬೆಳಕು ಹೆಚ್ಚು ಎಂದಾಗ ತಲೆಗೆ ಹೋಗಲಿಲ್ಲ. ಆಮೇಲೆ ತಿಳಿಯಿತು, ಇದು ಭಾಗಾಕಾರ. ಎಫ್ 2 ಎಂದರೆ ಬೆಳಕಿನ ಕಿಂಡಿಯ ಅಗಲ ಲೆನ್ಸಿನ ಮಿ.ಮೀ. ಅಂಕಿಯ ಅರ್ಧ, ಎಫ್ 4 ಎಂದರೆ ಕಾಲು ಭಾಗ. ಅರ್ಧ ಸೇರು ಕಾಲು ಸೇರಿಗಿಂತ ದೊಡ್ಡದಲ್ಲವೇ?

ಕ್ಯಾಮೆರಾದ ಜೊತೆ ಬರುವ ಸಾಮಾನ್ಯ 18-55 ಲೆನ್ಸನ್ನು 55ಕ್ಕೆ ಎಳೆದರೆ ಕಿಂಡಿ ಎಫ್ 5.6. ನಮ್ಮದು 1.8. ಬೆಳಕು 9 ಪಟ್ಟಿಗೂ ಹೆಚ್ಚು. ಅಲ್ಲಿ 1/10 ಸೆಕೆಂಡ್ ಬೇಕಾದ ಚಿತ್ರಕ್ಕೆ ಇಲ್ಲಿ ಸುಮಾರು 1/100 ಸಾಕು. 1/10ರಲ್ಲಿ ಕೈ ನಡುಗಿದ್ದೂ ಚಿತ್ರದಲ್ಲಿ ಬರುತ್ತದೆ, ಭಟ್ಟರ ಸಟ್ಟುಗ ಅಲುಗಿದ್ದೂ ಬರುತ್ತದೆ.

ಅಡಿಗೆ ಮನೆಯ ಪಾಠಗಳು

1. ಪೂರ್ತಿ 1.8ಕ್ಕೆ ತೆರೆದು ತೀರಾ ಹತ್ತಿರದಿಂದ ತೆಗೆದರೆ ಮುಂದಿನ ವಡೆ ಸ್ಪಷ್ಟ, ಹಿಂದಿನದು ಮಬ್ಬು. ಒಂದು ಪ್ಲೇಟಿಗೆ ಎಫ್ 4 ಇಡಿ, ಕಿಟಕಿ ಪಕ್ಕ ತೆಗೆಯಿರಿ. ಆಳುಗಳ ಮುಖಕ್ಕೆ ಎಫ್ 2 ಚೆನ್ನ.

2. ಇಡ್ಲಿ, ಅನ್ನ ಬೂದಿ ಬಣ್ಣ ಬರುತ್ತದೆಯೇ? ಕ್ಯಾಮೆರಾ ಎಲ್ಲವನ್ನೂ ನಡು ಬಣ್ಣಕ್ಕೆ ತರಲು ನೋಡುತ್ತದೆ. ಎಕ್ಸ್‌ಪೋಷರ್ ಸರಿಪಡಿಸುವಲ್ಲಿ ಪ್ಲಸ್ 1 ಮಾಡಿ, ಇಡ್ಲಿ ಬೆಳ್ಳಗಾಗುತ್ತದೆ.

3. ಹಳೆಯ ಚೋಕ್ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/100ಕ್ಕಿಂತ ವೇಗ ಮಾಡಿದರೆ ಪಟ್ಟೆ ಬೀಳಬಹುದು.

4. ಆವಿ, ಎಣ್ಣೆ ಹೊಗೆ ಲೆನ್ಸಿನ ಶತ್ರು. 49 ಮಿ.ಮೀ. ಫಿಲ್ಟರ್ ಮುಂದೆ ತಿರುಗಿಸಿಡಿ. ಒರೆಸುವುದು ಫಿಲ್ಟರನ್ನು, ಅದೂ ಒಗೆದ ಮೆತ್ತನೆ ಬಟ್ಟೆಯಲ್ಲಿ. ಅಡಿಗೆ ಮನೆಯ ಮಸಿಬಟ್ಟೆ ಬೇಡ!

ಕೊಳ್ಳುವ ಮೊದಲು

ಸಣ್ಣ ಸೆನ್ಸರಿನ ಕ್ಯಾನನ್‌ನಲ್ಲಿ 50 ಎಂಬುದು 80ರಂತೆ ಕಾಣುತ್ತದೆ. ಹಾಲಿಗೆ ಸರಿ, ನಮ್ಮ ಇಕ್ಕಟ್ಟಿನ ಕಿಚನ್‌ನಲ್ಲಿ ಹಿಂದೆ ಸರಿದು ಸರಿದು ಬೆನ್ನು ಗೋಡೆಗೆ ತಾಗಿತು. ಅಂಥ ಕಡೆ ಕ್ಯಾನನ್ 24 ಮಿ.ಮೀ. ಎಫ್ 2.8 ಎಸ್‌ಟಿಎಂ ಒಳ್ಳೆಯದು. ತೂಕ 125 ಗ್ರಾಂ, 16 ಸೆಂ.ಮೀ.ವರೆಗೂ ಹತ್ತಿರ ಹೋಗಬಹುದು. ನಿಕಾನ್ ಇದ್ದವರಿಗೆ 2009ರ ಡಿಎಕ್ಸ್ 35 ಮಿ.ಮೀ. ಎಫ್ 1.8 ಇದೆ. ಮಿರರ್‌ಲೆಸ್ ಕ್ಯಾನನ್‌ಗೆ 2020ರಲ್ಲಿ ಆರ್‌ಎಫ್ 50 ಬಂದಿದೆ, ಅದೂ 160 ಗ್ರಾಮೇ.

ಮುಂಬಯಿಯವರು ಫೋರ್ಟ್‌ನ ಬೋರಾ ಬಜಾರಿಗೆ ಕ್ಯಾಮೆರಾ ಹಿಡಿದುಕೊಂಡೇ ಹೋಗಿ. ಬಳಸಿದ ಲೆನ್ಸಾದರೆ ದೀಪಕ್ಕೆ ಹಿಡಿದು ಒಳಗೆ ಬೂಷ್ಟು ಇದೆಯೇ ನೋಡಿ. ನಿಕಾನ್‌ನ ಹಳೆಯ ಎಎಫ್-ಡಿ ಲೆನ್ಸ್ ಅಗ್ಗ, ಆದರೆ 3000, 5000 ಸಾಲಿನ ಕ್ಯಾಮೆರಾಗಳಲ್ಲಿ ತಾನಾಗಿ ಫೋಕಸ್ ಆಗದು.

ನಮ್ಮ ದೋಸೆ, ನಮ್ಮ ಚಿತ್ರ

ಮೊದಲು ನಮ್ಮ ಮೆನು ಕಾರ್ಡಿನಲ್ಲಿ ಎಲ್ಲಿಂದಲೋ ತಂದ ದೋಸೆಯ ಚಿತ್ರವಿತ್ತು. ಒಬ್ಬ ಗಿರಾಕಿ ತಟ್ಟೆಯನ್ನೂ ಕಾರ್ಡನ್ನೂ ಪಕ್ಕಪಕ್ಕ ಇಟ್ಟು, 'ಇದು ಎಲ್ಲಿ ಸಿಗುತ್ತದೆ?' ಎಂದು ಕೇಳಿದರು. ಉತ್ತರ ಕೊಡಲು ನಮಗೆ ಬಾಯಿ ಬರಲಿಲ್ಲ. ಈಗ ಕಾರ್ಡಿನಲ್ಲೂ ಆನ್‌ಲೈನ್ ಆರ್ಡರಿನಲ್ಲೂ ಇರುವುದು ನಮ್ಮ ಕಾವಲಿಯದೇ. ಅಂಚು ಸ್ವಲ್ಪ ಕೆಂಪಾಗಿದ್ದರೆ ಹಾಗೇ ಇರಲಿ.

ಮೊಬೈಲ್ ಸಾಲದೇ ಎನ್ನುವವರಿಗೆ: ಹಗಲು ಬೆಳಕಿನಲ್ಲಿ ಸಾಕು. ಮಸುಕು ಬೆಳಕಿನಲ್ಲಿ ಆಡುತ್ತಿರುವ ಕೈಗೆ ಈ ಲೆನ್ಸೇ ಮೇಲು.

ಭಟ್ಟರು 2021ರಲ್ಲಿ ತೀರಿಕೊಂಡರು. ಅವರ ಮಗ ಊರಿನಿಂದ ಫೋನ್ ಮಾಡಿ, 'ಅಪ್ಪ ಕೆಲಸ ಮಾಡುವ ಒಂದು ಫೋಟೋ ಇದೆಯೇ?' ಎಂದು ಕೇಳಿದರು. ಇತ್ತು. ಒಂದೇ ಇತ್ತು. ಅಂದಿನಿಂದ ತಿಂಗಳಿಗೊಬ್ಬರಂತೆ, ಪಾತ್ರೆ ತೊಳೆಯುವ ಹುಡುಗನಿಂದ ಹಿಡಿದು ಎಲ್ಲರ ಚಿತ್ರ ಅವರ ಕೆಲಸದ ಜಾಗದಲ್ಲೇ ತೆಗೆದು, ಒಂದು ಪ್ರತಿ ಅವರ ಮನೆಗೆ ಕಳುಹಿಸುತ್ತಿದ್ದೇವೆ. ನಿಮ್ಮಲ್ಲೂ ಹಳಬರು ಇದ್ದಾರೆ. ನಾಳೆ ಬೆಳಿಗ್ಗೆಯೇ ಶುರುಮಾಡಿ.