ತಂತ್ರಾಂಶವನ್ನು ತಿದ್ದುವ ಕಷ್ಟಕ್ಕೆ ಅಳತೆಗೋಲು

ಕೆರೆಯ ಏರಿ ಮಳೆಗೆ ಸವೆಯುತ್ತದೆ. ಒಡಲಿನಲ್ಲಿ ವರ್ಷವರ್ಷವೂ ಹೂಳು ತುಂಬುತ್ತದೆ. ಶಿಕಾರಿಪುರ, ಸೊರಬಗಳಂತಹ ಕೆರೆಗಳ ಸೀಮೆಯಲ್ಲಿ ಇದನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿರುವ ಐದನೆಯ ಶತಮಾನದ ಶಾಸನವು ಕದಂಬರ ಕಾಕುಸ್ಥವರ್ಮನು ಅಲ್ಲಿ ಕೆರೆಯೊಂದನ್ನು ಕಟ್ಟಿಸಿದುದನ್ನು ತಿಳಿಸುತ್ತದೆ. ಮುಂದಿನ ಕಾಲದಲ್ಲಿ ಕೆರೆಗಳ ದುರಸ್ತಿಗೆಂದೇ ಭೂಮಿಯನ್ನು ದತ್ತಿ ಬಿಡುವ ಪದ್ಧತಿಯೂ ಕನ್ನಡನಾಡಿನಲ್ಲಿ ರೂಢವಾಯಿತು. ಕಟ್ಟುವ ಖರ್ಚು ಒಮ್ಮೆ, ಕಾಪಾಡುವ ಖರ್ಚು ನಿರಂತರ ಎಂಬುದನ್ನು ಹಿಂದಿನವರು ಬಲ್ಲವರಾಗಿದ್ದರು.

ಗಣಕಯಂತ್ರದ ತಂತ್ರಾಂಶವಾದರೋ ಸವೆಯುವ ವಸ್ತುವಲ್ಲ. ಪ್ರಯೋಗಶಾಲೆಯ ಸ್ಕ್ರೂಗೇಜಿನ ಎಳೆ ತೇಯುವಂತೆ ಅದರ ಆದೇಶಗಳು ತೇಯುವುದಿಲ್ಲ, ತುಕ್ಕು ಹಿಡಿಯುವುದೂ ಇಲ್ಲ. ಹಾಗಿದ್ದ ಮೇಲೆ ಅದಕ್ಕೆ ದುರಸ್ತಿ ಏತಕ್ಕೆ? ತಂತ್ರಾಂಶವು ಇದ್ದಂತೆಯೇ ಇದ್ದರೂ ಅದರ ಸುತ್ತಲಿನ ಲೋಕವು ಬದಲಾಗುತ್ತದೆಂಬುದೇ ಉತ್ತರ. ಅಮೆರಿಕದ ಲೀಂಟ್ಸ್ ಮತ್ತು ಸ್ವಾನ್ಸನ್ ಎಂಬುವರು 487 ಸಂಸ್ಥೆಗಳನ್ನು ವಿಚಾರಿಸಿ 1980ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ, ನಿರ್ವಹಣೆಯ ಶ್ರಮದಲ್ಲಿ ಸುಮಾರು ಐದನೆಯ ಒಂದು ಪಾಲು ಮಾತ್ರ ತಪ್ಪುಗಳನ್ನು ಸರಿಪಡಿಸುವುದಕ್ಕೆ ಸಲ್ಲುತ್ತದೆ. ಉಳಿದುದರಲ್ಲಿ ಬಹುಭಾಗವು ಹೊಸ ಬೇಡಿಕೆಗಳಿಗೂ ಹೊಸ ಪರಿಸ್ಥಿತಿಗಳಿಗೂ ಹೊಂದಿಸುವುದಕ್ಕೆ ವ್ಯಯವಾಗುತ್ತದೆ.

ನಮಗೆ ಹತ್ತಿರದ ನಿದರ್ಶನವೆಂದರೆ ಪಹಣಿ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ರಚಿಸಿದ ‘ಭೂಮಿ’ ತಂತ್ರಾಂಶವು 2000ದಿಂದೀಚೆಗೆ ಕೆಲವೇ ವರ್ಷಗಳಲ್ಲಿ ಕರ್ನಾಟಕದ ತಾಲ್ಲೂಕು ಕಚೇರಿಗಳಿಗೆಲ್ಲ ಹಬ್ಬಿತು. ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳು ಗ್ರಾಮಲೆಕ್ಕಿಗರ ಕೈಬರಹದಿಂದ ಗಣಕಕ್ಕೆ ಏರಿದವು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಸೊರಬದ ರೈತನು ಬೆಳೆಸಾಲಕ್ಕಾಗಿ ಸಹಕಾರಿ ಸಂಘಕ್ಕೆ ಒಯ್ಯುವ ಹಾಳೆ ಅಂದಿನಿಂದ ಗಣಕವು ಮುದ್ರಿಸಿದ ಹಾಳೆಯೇ. ಕಾಯಿದೆಗಳು ಮಾತ್ರ ನಿಂತಲ್ಲಿ ನಿಲ್ಲಲಿಲ್ಲ. 2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಂಗಳು ರದ್ದಾಗಿ, ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಬಹುದೆಂದಾಯಿತು. ‘ಕೊಳ್ಳುವವನು ಕೃಷಿಕನೇ?’ ಎಂಬ ಪ್ರಶ್ನೆಯನ್ನು ಯಾವುದಾದರೂ ತಂತ್ರಾಂಶದಲ್ಲಿ ಹತ್ತು ಕಡೆ ಬರೆದಿದ್ದರೆ, ಆ ದಿನ ಹತ್ತೂ ಕಡೆ ಹುಡುಕಿ ಅದನ್ನು ಅಳಿಸಬೇಕಾಗುತ್ತಿತ್ತು. ಒಂದೇ ಕಡೆ ಬರೆದಿದ್ದರೆ ಒಂದು ಗಳಿಗೆಯ ಕೆಲಸ.

ಹುಡುಕುವಾಗ ಒಂದು ಎಡೆ ತಪ್ಪಿಹೋದರೆ ಆಗುವ ಅನರ್ಥವನ್ನು ಚಿಕ್ಕ ಲೆಕ್ಕವೊಂದರಿಂದ ತಿಳಿಯೋಣ. (ಇದು ನಾವು ಕಲ್ಪಿಸಿದ ಉದಾಹರಣೆಯೇ ಹೊರತು ‘ಭೂಮಿ’ಯ ಒಳಗಿನ ಸಾಲುಗಳಲ್ಲ.) ಎಕರೆಗೆ 40 ಗುಂಟೆ. 35 ಗುಂಟೆಯನ್ನು 0.35 ಎಂದು ಬರೆಯುವುದುಂಟು. ಆದರೆ ನಡುವಿನ ಚುಕ್ಕೆ ದಶಮಾಂಶದ ಚುಕ್ಕೆಯಲ್ಲ. ಇದನ್ನರಿಯದವನೊಬ್ಬನು 35 ಗುಂಟೆಯ ಮೂರು ತುಂಡುಗಳನ್ನು ದಶಮಾಂಶದಂತೆ ಕೂಡಿದನೆನ್ನಿ: ಮೊತ್ತ 1.05, ಅಂದರೆ 1 ಎಕರೆ 5 ಗುಂಟೆ. ನಿಜವಾದ ಮೊತ್ತವೋ 105 ಗುಂಟೆ, ಎಂದರೆ 2 ಎಕರೆ 25 ಗುಂಟೆ. ಒಂದೂವರೆ ಎಕರೆ ಮಾಯವಾಯಿತು! ಉತ್ತರವು 1.55 ಎಂದು ಬಂದಿದ್ದರೆ ‘ಗುಂಟೆ 39ನ್ನು ಮೀರಲಾರದು’ ಎಂದು ಯಾರಾದರೂ ಹಿಡಿಯುತ್ತಿದ್ದರು, 1.05 ಎಂಬುದು ಸಾಧುವಾಗಿ ಕಾಣುತ್ತದೆ. ಈ ಸಂಕಲನವನ್ನೇ ಪಹಣಿಯ ಮುದ್ರಣಕ್ಕೊಮ್ಮೆ, ಹಕ್ಕು ಬದಲಾವಣೆಗೊಮ್ಮೆ, ಸಾಲದ ಪತ್ರಕ್ಕೊಮ್ಮೆ ನಕಲು ಮಾಡಿಟ್ಟಿದ್ದರೆ, ತಪ್ಪು ತಿಳಿದ ಮೇಲೂ ಎರಡು ಕಡೆ ತಿದ್ದಿ ಮೂರನೆಯದನ್ನು ಮರೆಯುವ ಸಂಭವವಿದೆ. ಆಗ ಒಬ್ಬನೇ ರೈತನ ಜಮೀನಿಗೆ ಒಂದೇ ಕಚೇರಿಯಲ್ಲಿ ಎರಡು ವಿಸ್ತೀರ್ಣ.

ತಿದ್ದುವ ಈ ಕಷ್ಟವನ್ನು ಮೊದಲೇ ಅಳೆಯಬಹುದೇ? 1976ರಲ್ಲಿ ಅಮೆರಿಕದ ತಾಮಸ್ ಮೆಕ್ಕೇಬ್ ಎಂಬವನು ಗಣಿತದ ಜಾಲಸಿದ್ಧಾಂತವನ್ನು ಆಧರಿಸಿ ಒಂದು ಅಳತೆಯನ್ನು ಸೂಚಿಸಿದನು. ಅದು ಬಹಳ ಸರಳ: ಕ್ರಮವಿಧಿಯಲ್ಲಿ ‘ಹೌದೇ, ಅಲ್ಲವೇ’ ಎಂದು ದಾರಿ ಕವಲೊಡೆಯುವ ಎಡೆಗಳನ್ನು ಎಣಿಸಿ ಒಂದನ್ನು ಕೂಡಿಸಬೇಕು. ಹಕ್ಕು ಬದಲಾವಣೆಯಲ್ಲಿ ‘ಆಕ್ಷೇಪಣೆ ಬಂದಿದೆಯೇ? ಗೊತ್ತುಪಡಿಸಿದ ದಿನಗಳು ಕಳೆದಿವೆಯೇ? ವಿಸ್ತೀರ್ಣ ತಾಳೆಯಾಗುತ್ತದೆಯೇ?’ ಎಂಬ ಮೂರು ಪ್ರಶ್ನೆಗಳಿದ್ದರೆ ಜಟಿಲತೆ 4. ಪರಸ್ಪರ ಸ್ವತಂತ್ರವಾದ ನಾಲ್ಕು ದಾರಿಗಳನ್ನಾದರೂ ಪರೀಕ್ಷಿಸಬೇಕೆಂದು ಇದರ ಅರ್ಥ. 10 ಎಂಬುದು ಯುಕ್ತವಾದ ಮೇಲ್ಮಿತಿಯೆಂದು ಮೆಕ್ಕೇಬನ ಅಭಿಪ್ರಾಯ.

ಮಾರಿಸ್ ಹಾಲ್‌ಸ್ಟೆಡ್ 1977ರಲ್ಲಿ ಕ್ರಮವಿಧಿಯ ಚಿಹ್ನೆಗಳನ್ನೂ ಹೆಸರುಗಳನ್ನೂ ಎಣಿಸಿ ‘ಗಾತ್ರ’ವನ್ನು ಲೆಕ್ಕ ಹಾಕುವ ಬಗೆಯನ್ನು ವಿವರಿಸಿದನು. 1990ರ ದಶಕದ ಮೊದಲಿಗೆ ಐಡಾಹೋ ವಿಶ್ವವಿದ್ಯಾಲಯದ ಪಾಲ್ ಒಮನ್ ಮತ್ತು ಸಂಗಡಿಗರು ಈ ಅಳತೆಗಳನ್ನೆಲ್ಲ ಒಂದೇ ಸೂಚ್ಯಂಕದಲ್ಲಿ ಬೆಸೆದರು:

ಸೂಚ್ಯಂಕ = 171 − 5.2 ಲಾಗ್ (ಗಾತ್ರ) − 0.23 (ಜಟಿಲತೆ) − 16.2 ಲಾಗ್ (ಸಾಲುಗಳು)

ಇಲ್ಲಿ ಲಾಗ್ ಎಂದರೆ ಸಹಜ ಲಾಗರಿತಮ್. ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯ ತಂತ್ರಾಂಶಗಳ ಮೇಲೆ ಇದನ್ನು ಪರೀಕ್ಷಿಸಿದಾಗ 85ಕ್ಕಿಂತ ಮೇಲಿನದು ತಿದ್ದಲು ಸುಲಭ, 65ಕ್ಕಿಂತ ಕೆಳಗಿನದು ಕಷ್ಟ ಎಂದು ಗೊತ್ತುಮಾಡಿಕೊಂಡರು.

ಸೂತ್ರವನ್ನು ಕಂಡೊಡನೆ ಸಂಖ್ಯೆಗಳನ್ನು ಹಾಕಿ ನೋಡುವುದು ನಮ್ಮ ವೃತ್ತಿಯ ಚಾಳಿ. ಗಾತ್ರ 1000, ಜಟಿಲತೆ 10, ಸಾಲುಗಳು 50 ಇರಲಿ. ಕಳೆಯಬೇಕಾದವು ಕ್ರಮವಾಗಿ 35.9, 2.3, 63.4, ಸೂಚ್ಯಂಕ 69. ವಾಚಕರು ಗಮನಿಸಬೇಕು: ಜಟಿಲತೆಯ ಪಾಲು ಬರೀ 2.3, ಸಾಲುಗಳದು 63.4! ಇನ್ನು, ಇದೇ ಕ್ರಮವಿಧಿಯನ್ನು ಅರ್ಥವನ್ನೇನೂ ನೋಡದೆ ಕತ್ತರಿಯಿಂದ ತುಂಡರಿಸಿದಂತೆ ನಡುವೆ ಎರಡು ಮಾಡಿದರೆ? ಪ್ರತಿ ಭಾಗಕ್ಕೂ ಗಾತ್ರ ಸುಮಾರು 500, ಜಟಿಲತೆ 5, ಸಾಲುಗಳು 25. ಸೂಚ್ಯಂಕ 85ಕ್ಕೆ ಏರುತ್ತದೆ. ಓದುವವನಿಗೆ ಕಿಂಚಿತ್ತೂ ಸುಲಭವಾಗಲಿಲ್ಲ, ಅಂಕ ಮಾತ್ರ ‘ಉತ್ತಮ’ದ ಹೊಸ್ತಿಲನ್ನು ಮುಟ್ಟಿತು. ಉಷ್ಣಮಾಪಕವನ್ನು ತಣ್ಣೀರಿನಲ್ಲಿ ಅದ್ದಿದರೆ ಜ್ವರ ಇಳಿಯುವುದಿಲ್ಲವಷ್ಟೆ. ಈ ಸೂಚ್ಯಂಕವು ಯಾವ ಭಾಗವನ್ನು ಮೊದಲು ಪರೀಕ್ಷಿಸಬೇಕೆಂದು ಬೆರಳು ತೋರಿಸಲು ತಕ್ಕುದು. ಬರೆದವನಿಗೆ ಅಂಕ ಕೊಡಲು ತಕ್ಕುದಲ್ಲ ಎಂದು ನಾವು ಭಾವಿಸುತ್ತೇವೆ.

ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ನಂಬತಕ್ಕ ಅಳತೆ ಮತ್ತೊಂದಿದೆ. ಒಂದು ನಿಯಮ ಬದಲಾದಾಗ ಎಷ್ಟು ಎಡೆಗಳಲ್ಲಿ ಕೈಯಾಡಿಸಬೇಕಾಯಿತು, ಎಷ್ಟು ಹೊತ್ತು ಹಿಡಿಯಿತು, ತಿದ್ದಿದ ಮೇಲೆ ಬೇರೆಲ್ಲಿ ಕೆಟ್ಟಿತು ಎಂಬುದನ್ನು ಪ್ರತಿ ತಿದ್ದುಪಡಿಗೂ ದಾಖಲೆ ಪುಸ್ತಕದಲ್ಲಿ ಬರೆದಿಡುವುದು. ಈ ಎಡೆಗಳ ಸಂಖ್ಯೆಯನ್ನು ತಗ್ಗಿಸುವ ಉಪಾಯವನ್ನು ಡೇವಿಡ್ ಪಾರ್ನಾಸ್ 1972ರಲ್ಲಿಯೇ ತಿಳಿಸಿದ್ದನು: ಬದಲಾಗಬಹುದಾದ ಒಂದೊಂದು ನಿರ್ಧಾರವನ್ನೂ ಒಂದೊಂದು ಭಾಗದೊಳಗೆ ಮರೆಮಾಡಿಡಬೇಕು. ಎಕರೆಗೆ 40 ಗುಂಟೆಯೆಂಬುದು ಬಹುಶಃ ಎಂದಿಗೂ ಬದಲಾಗದು. ಆಕ್ಷೇಪಣೆಯ ದಿನಗಳ ಸಂಖ್ಯೆಯು ಯಾವಾಗಲಾದರೂ ಬದಲಾದೀತು. ಆದಕಾರಣ ಆ ಸಂಖ್ಯೆಯನ್ನು ಹೆಸರಿಟ್ಟು ಒಂದೇ ಕಡೆ ಬರೆಯತಕ್ಕದ್ದು.

ಎರಡು ತಂತ್ರಾಂಶಗಳು ಕೂಡುವಲ್ಲಿಯೂ ಇದೇ ನ್ಯಾಯ. ಉಪನೋಂದಣಿ ಕಚೇರಿಯ ‘ಕಾವೇರಿ’ಯಲ್ಲಿ ಕ್ರಯಪತ್ರ ನೋಂದಣಿಯಾದ ಸುದ್ದಿ ‘ಭೂಮಿ’ಗೆ ಹರಿದುಬರುತ್ತದೆ. 2023ರಲ್ಲಿ ‘ಕಾವೇರಿ’ ಹೊಸ ರೂಪದಲ್ಲಿ ರಾಜ್ಯಾದ್ಯಂತ ಬಳಕೆಗೆ ಬಂದಿತು. ಮೇಲಿನ ಕೆರೆಯ ತೂಬಿನಿಂದ ಎಷ್ಟು ನೀರು ಬರುವುದೆಂಬುದಷ್ಟೇ ಕೆಳಗಿನ ಗದ್ದೆಯವನಿಗೆ ಬೇಕಾದುದು. ಒಡಲಿನ ಹೂಳೆತ್ತಿದರೋ ಇಲ್ಲವೋ ಎಂಬುದು ಅವನ ಬೇಸಾಯಕ್ಕೆ ತೊಡಕಾಗಬಾರದು. ಒಂದು ತಂತ್ರಾಂಶವು ಮತ್ತೊಂದರ ಒಡಲಿಗೇ ಕೈ ಹಾಕುವಂತೆ ಹೆಣೆದಿದ್ದರೆ ಒಂದನ್ನು ಹೊಸದು ಮಾಡುವಾಗ ಎರಡನ್ನೂ ಕೆಡವಬೇಕಾಗುತ್ತದೆ.

ಕಾಲೇಜಿನ ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಎಕರೆ-ಗುಂಟೆಗಳನ್ನು ಕೂಡುವ, ಕಳೆಯುವ, ಸಹೋದರರಿಗೆ ಸಮಪಾಲು ಮಾಡುವ ಕ್ರಮವಿಧಿಯೊಂದನ್ನು ಬರೆಯಿರಿ. ಒಂದು ತಿಂಗಳು ಕಳೆದ ಮೇಲೆ ಅದನ್ನು ಗೆಳೆಯನ ಕೈಗಿತ್ತು, ಗುಂಟೆಗೆ 16 ಆಣೆಯಂತೆ ಆಣೆಯ ಲೆಕ್ಕವನ್ನೂ ಸೇರಿಸಲು ಹೇಳಿರಿ. ನೀವು ಬಾಯಿ ಬಿಡಕೂಡದು. ಅವನು ಮುಟ್ಟಿದ ಸಾಲುಗಳೆಷ್ಟು, ನಿಮ್ಮನ್ನು ಕೇಳಲು ಎದ್ದುಬಂದುದು ಎಷ್ಟು ಸಲ ಎಂಬುದನ್ನು ಗುರುತು ಹಾಕಿಕೊಳ್ಳಿರಿ.