ಹಿಂದಿನ ಅಚ್ಚಿನ ಗೇರು: ದೊಡ್ಡ ಅಂಕಿಯೇ ಮೇಲೆಂಬುದು ನಿಜವೇ?

ನಮ್ಮ ವಾಚನಾಲಯಕ್ಕೆ ಬರುವ ತರುಣರಲ್ಲಿ ಯಂತ್ರವಿದ್ಯೆಯನ್ನು ಕಲಿಯುತ್ತಿರುವವರೂ ಗ್ಯಾರೇಜುಗಳಲ್ಲಿ ದುಡಿಯುವವರೂ ಉಂಟು. ವೇಗದ ಕಾರುಗಳ ಮಾತು ಬಂದಾಗ ಅವರಲ್ಲಿ ಒಂದು ನಂಬಿಕೆ ಬೇರೂರಿರುವುದನ್ನು ನಾವು ಕಂಡಿದ್ದೇವೆ: ಹಿಂದಿನ ಅಚ್ಚಿನ ಗೇರಿನ ಅಂಕಿ ದೊಡ್ಡದಾದಷ್ಟೂ ಕಾರು ಚುರುಕಾಗುತ್ತದೆ ಎಂಬುದು. ಇದು ಅರ್ಧ ಸತ್ಯ. ಅರ್ಧ ಸತ್ಯವನ್ನು ನಂಬಿ ಗೇರು ಬದಲಿಸಿದವನು ಹಣವನ್ನೂ ಕಳೆದುಕೊಳ್ಳುತ್ತಾನೆ, ಓಡಿಸುವ ಸುಖವನ್ನೂ ಕಳೆದುಕೊಳ್ಳುತ್ತಾನೆ. ಆದುದರಿಂದ ಈ ಪಾಠದಲ್ಲಿ ಆ ಲೆಕ್ಕವನ್ನು ಮೊದಲಿನಿಂದ ಮಾಡಿ ನೋಡೋಣ. ಗುಣಾಕಾರ ಭಾಗಾಕಾರ ಬಲ್ಲವರಿಗೆ ಇದರಲ್ಲಿ ಕಷ್ಟವೇನೂ ಇಲ್ಲ.

ಉದಾಹರಣೆಗೆ 1960ರ ದಶಕದ ಕೊನೆಯ ಅಮೆರಿಕದ ಕಾರುಗಳನ್ನು ತೆಗೆದುಕೊಳ್ಳುತ್ತೇವೆ. ಎಂಟು ಸಿಲಿಂಡರಿನ ದೊಡ್ಡ ಎಂಜಿನು ಮುಂದೆ, ತಾನೇ ಗೇರು ಬದಲಿಸುವ ಪೆಟ್ಟಿಗೆ ನಡುವೆ, ಓಡಿಸುವ ಅಚ್ಚು ಹಿಂದೆ. ಈ ವಿಷಯ ಹುಟ್ಟಿ ಬೆಳೆದದ್ದು ಅಂಥ ಕಾರುಗಳಲ್ಲಿಯೇ.

1. ಅನುಪಾತವೆಂದರೇನು?

ಎಂಜಿನಿನಿಂದ ಬರುವ ಉದ್ದನೆಯ ದಂಡದ ತುದಿಯಲ್ಲಿ ಒಂದು ಚಿಕ್ಕ ಹಲ್ಲುಗಾಲಿ ಇದೆ, ಅದು ಪಿನಿಯನ್. ಅದು ಅಚ್ಚಿನ ಮೇಲಿರುವ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಇದು ಕ್ರೌನ್ ಗಾಲಿ. ಕ್ರೌನಿನ ಹಲ್ಲುಗಳನ್ನು ಪಿನಿಯನಿನ ಹಲ್ಲುಗಳಿಂದ ಭಾಗಿಸಿದರೆ ಬರುವುದೇ ಅನುಪಾತ. 41ನ್ನು 11ರಿಂದ ಭಾಗಿಸಿದರೆ 3.73, 10ರಿಂದ ಭಾಗಿಸಿದರೆ 4.10. ಅಂದರೆ 3.73ರ ಗೇರಿನಲ್ಲಿ ದಂಡವು 3.73 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ.

ಗೇರುಳ್ಳ ಸೈಕಲ್ಲಿನಲ್ಲಿ ಏರು ಹತ್ತಿದವರಿಗೆ ಇದರ ಗುಟ್ಟು ಗೊತ್ತೇ ಇದೆ. ಹಗುರ ಗೇರು ಹಾಕಿದರೆ ಕಾಲಿಗೆ ಶ್ರಮ ಕಡಿಮೆ, ಆದರೆ ಕಾಲು ಹೆಚ್ಚು ಸುತ್ತಬೇಕು. ಹಾಗೆಯೇ ಇಲ್ಲಿಯೂ ಅಂಕಿ ದೊಡ್ಡದಾದರೆ ಚಕ್ರಕ್ಕೆ ಬಲ ಹೆಚ್ಚು, ಎಂಜಿನಿಗೆ ಸುತ್ತು ಹೆಚ್ಚು. ಒಂದನ್ನು ಕೊಡದೆ ಇನ್ನೊಂದನ್ನು ಪಡೆಯಲಾಗದು.

2. ತಾನೇ ಬದಲಾಗುವ ಗೇರಿನ ವಿಶೇಷ

ಕೈಗೇರಿನ ಕಾರಿನಲ್ಲಿ ಎಂಜಿನಿಗೂ ಗೇರುಪೆಟ್ಟಿಗೆಗೂ ನಡುವೆ ಕ್ಲಚ್ಚು ಇರುತ್ತದೆ. ಇಲ್ಲಿ ಅದರ ಸ್ಥಾನದಲ್ಲಿ ಟಾರ್ಕ್ ಕನ್ವರ್ಟರ್ ಇದೆ. ಎದುರುಬದುರಾಗಿ ಎರಡು ಫ್ಯಾನುಗಳನ್ನಿಟ್ಟು ಒಂದನ್ನು ಓಡಿಸಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುವುದಷ್ಟೆ? ಅದೇ ತತ್ತ್ವ, ಗಾಳಿಯ ಬದಲು ಎಣ್ಣೆ. ನಡುವೆ ಇರುವ ಮೂರನೆಯ ಗಾಲಿಯು ಹಿಂದಿರುಗುವ ಎಣ್ಣೆಯನ್ನು ಸರಿಯಾದ ದಿಕ್ಕಿಗೆ ತಿರುಗಿಸುವುದರಿಂದ, ಕಾರು ನಿಂತಿರುವಾಗ ತಿರುಚುಬಲವು ಸುಮಾರು ಎರಡರಷ್ಟಾಗುತ್ತದೆ. ವೇಗ ಏರಿದಂತೆ ಈ ಲಾಭ ಇಳಿಯುತ್ತ ಬಂದು ಕೊನೆಗೆ ಇಲ್ಲವಾಗುತ್ತದೆ.

ಇದರಿಂದ ತಿಳಿಯುವುದೇನು? ಹೊರಡುವ ಗಳಿಗೆಯಲ್ಲಿ ಕನ್ವರ್ಟರೇ ಒಂದು ಹೆಚ್ಚಿನ ಗೇರಿನ ಕೆಲಸ ಮಾಡಿಬಿಡುತ್ತದೆ. ಕೈಗೇರಿನ ಕಾರಿಗೆ ಬೇಕಾದಷ್ಟು ದೊಡ್ಡ ಅಂಕಿ ಇದಕ್ಕೆ ಬೇಡ. ಕೈಗೇರಿನವರ ಅನುಭವವನ್ನು ಹಾಗೆಯೇ ಇಲ್ಲಿಗೆ ತರುವುದು ತಪ್ಪಾಗುತ್ತದೆ.

ಗೇರುಪೆಟ್ಟಿಗೆಯ ಒಳಗಿನ ಅಂಕಿಗಳನ್ನೂ ನೋಡಬೇಕು. ಜನರಲ್ ಮೋಟಾರ್ಸ್ 1964ರಲ್ಲಿ ಹೊರತಂದ ಟರ್ಬೊ ಹೈಡ್ರಾಮ್ಯಾಟಿಕ್ 400ರಲ್ಲಿ ಮೂರು ಗೇರು: 2.48, 1.48, 1.00. ಅದೇ ಕಂಪೆನಿ 1982ರಲ್ಲಿ ತಂದ 700ಆರ್4ರಲ್ಲಿ ನಾಲ್ಕು: 3.06, 1.63, 1.00, 0.70. ಕೊನೆಯದನ್ನು ಓವರ್‌ಡ್ರೈವ್ ಎನ್ನುತ್ತಾರೆ. ಅದರಲ್ಲಿ ದಂಡಕ್ಕಿಂತ ಎಂಜಿನು ನಿಧಾನವಾಗಿ ತಿರುಗುತ್ತದೆ.

ಮೊದಲನೆಯ ಗೇರನ್ನು ಅಚ್ಚಿನ ಅನುಪಾತದಿಂದ ಗುಣಿಸಿ ನೋಡಿ. 400ರ ಜೊತೆ 3.73: 2.48 × 3.73 = 9.25. 700ಆರ್4ರ ಜೊತೆ 3.08: 3.06 × 3.08 = 9.42. ಅಚ್ಚಿನ ಅಂಕಿ ಚಿಕ್ಕದಾದರೂ ಎರಡನೆಯ ಕಾರೇ ಹೊರಡುವಾಗ ತುಸು ಬಲಶಾಲಿ! ಅಚ್ಚಿನ ಅಂಕಿಯೊಂದನ್ನೇ ಹಿಡಿದು ಮಾತನಾಡುವುದು ಎಷ್ಟು ವ್ಯರ್ಥವೆಂಬುದಕ್ಕೆ ಇದೇ ಸಾಕ್ಷಿ.

3. ಹೆದ್ದಾರಿಯ ಲೆಕ್ಕ

ಟೈರಿನ ವ್ಯಾಸ 26 ಅಂಗುಲ, ಅಂದರೆ 66 ಸೆಂಟಿಮೀಟರ್ ಎಂದುಕೊಳ್ಳೋಣ. ಸುತ್ತಳತೆ ಸುಮಾರು 2.075 ಮೀಟರ್. ಗಂಟೆಗೆ 100 ಕಿಲೋಮೀಟರ್ ವೇಗವೆಂದರೆ ನಿಮಿಷಕ್ಕೆ 1,667 ಮೀಟರ್. ಭಾಗಿಸಿದರೆ ಚಕ್ರವು ನಿಮಿಷಕ್ಕೆ 803 ಸುತ್ತು ತಿರುಗಬೇಕು. ಇದನ್ನು ಅಚ್ಚಿನ ಅನುಪಾತದಿಂದ ಗುಣಿಸಿದರೆ ನೇರ ಗೇರಿನಲ್ಲಿ ಎಂಜಿನಿನ ಸುತ್ತು, ಮತ್ತೆ 0.70ರಿಂದ ಗುಣಿಸಿದರೆ ಓವರ್‌ಡ್ರೈವಿನ ಸುತ್ತು. ಪಟ್ಟಿ ಹೀಗಿದೆ:

3.08 — ನೇರ ಗೇರಿನಲ್ಲಿ 2,470, ಓವರ್‌ಡ್ರೈವಿನಲ್ಲಿ 1,730
3.31 — ನೇರ ಗೇರಿನಲ್ಲಿ 2,660, ಓವರ್‌ಡ್ರೈವಿನಲ್ಲಿ 1,860
3.73 — ನೇರ ಗೇರಿನಲ್ಲಿ 3,000, ಓವರ್‌ಡ್ರೈವಿನಲ್ಲಿ 2,100
4.10 — ನೇರ ಗೇರಿನಲ್ಲಿ 3,290, ಓವರ್‌ಡ್ರೈವಿನಲ್ಲಿ 2,300

ಕನ್ವರ್ಟರಿನ ಜಾರುವಿಕೆಯಿಂದ ನಿಜವಾದ ಸುತ್ತು ಇದಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ. ಮೂರು ಗೇರಿನ ಕಾರಿಗೆ 3.08ರ ಬದಲು 4.10 ಹಾಕಿದವನ ಎಂಜಿನು ಒಂದು ಗಂಟೆಯ ಪ್ರಯಾಣದಲ್ಲಿ ಸುಮಾರು 49,000 ಸುತ್ತು ಹೆಚ್ಚಾಗಿ ತಿರುಗುತ್ತದೆ. ಪೆಟ್ರೋಲು, ಸದ್ದು, ಸವೆತ ಎಲ್ಲಕ್ಕೂ ಅವನೇ ಹೊಣೆ.

ಹಾಗೆಂದು ಅತಿ ಚಿಕ್ಕ ಅಂಕಿಯೂ ಸಲ್ಲದು. ರೇಸಿಗಾಗಿ ಹೆಚ್ಚು ಸುತ್ತಿನಲ್ಲಿ ಮಾತ್ರ ಹಿಡಿತ ಕೊಡುವ ಕನ್ವರ್ಟರನ್ನು ಹಾಕಿಕೊಂಡವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಎಂಜಿನು ಆ ಸುತ್ತಿಗಿಂತ ಬಹಳ ಕೆಳಗೆ ಓಡುತ್ತಿದ್ದರೆ, ಬೀಗದ ಕ್ಲಚ್ಚು ಇಲ್ಲದ ಕನ್ವರ್ಟರು ಎಡೆಬಿಡದೆ ಜಾರಿ ಎಣ್ಣೆಯನ್ನು ಕಾಯಿಸುತ್ತದೆ. ಕಾದು ಕೆಟ್ಟ ಎಣ್ಣೆ ಗೇರುಪೆಟ್ಟಿಗೆಯ ಮೊದಲ ಶತ್ರು.

4. ಹೊರಡುವಾಗಿನ ಲೆಕ್ಕ

ಎಂಜಿನಿನ ತಿರುಚುಬಲ 400 ನ್ಯೂಟನ್ ಮೀಟರ್, ಕಾರಿನ ತೂಕ 1,600 ಕಿಲೋ ಎಂದಿಟ್ಟುಕೊಳ್ಳಿ. 400 × 2.48 × 3.73 = 3,700. ಇದನ್ನು ಟೈರಿನ ತ್ರಿಜ್ಯವಾದ 0.33 ಮೀಟರಿನಿಂದ ಭಾಗಿಸಿದರೆ ನೆಲವನ್ನು ಹಿಂದಕ್ಕೆ ನೂಕುವ ಬಲ ಸುಮಾರು 11,200 ನ್ಯೂಟನ್. ಕನ್ವರ್ಟರು ಎರಡರಷ್ಟು ಮಾಡಿದರೆ 22,400. ದಾರಿಯಲ್ಲಿ ಐದನೆಯ ಒಂದು ಪಾಲು ಕಳೆದುಹೋಯಿತೆಂದರೂ 17,900 ಉಳಿಯುತ್ತದೆ. ಆದರೆ ಇಡೀ ಕಾರಿನ ಭಾರವೇ 15,700 ನ್ಯೂಟನ್! ಸಾಧಾರಣ ಟೈರು ತನ್ನ ಮೇಲಿನ ಭಾರಕ್ಕಿಂತ ಹೆಚ್ಚಿನ ಹಿಡಿತವನ್ನು ಕೊಡಲಾರದು. ಮೇಲಾಗಿ ಹಿಂದಿನ ಚಕ್ರಗಳ ಮೇಲೆ ಇಡೀ ಭಾರವೂ ಇರುವುದಿಲ್ಲ.

ಹೀಗಿರಲು, 3.73ರಲ್ಲಿಯೇ ಪೂರ್ತಿ ಪೆಡಲು ಒತ್ತಿದರೆ ಟೈರು ನಿಂತಲ್ಲೇ ಸುತ್ತಿ ಹೊಗೆ ಏಳುವುದು ಖಂಡಿತ. ಅಂಥ ಕಾರಿಗೆ 4.10 ಹಾಕಿದರೆ ಹೊಗೆ ಹೆಚ್ಚಾದೀತೇ ಹೊರತು ಹೊರಡುವ ಗಳಿಗೆಯಲ್ಲಿ ವೇಗ ಹೆಚ್ಚಾಗದು. ಮಳೆಯಲ್ಲಿ ನೆನೆದ ರಸ್ತೆಯ ಮೇಲೆ ಇದು ಪ್ರಾಣಕ್ಕೇ ಅಪಾಯ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿ ಟೈರಿಗೂ ಸಲ್ಲುತ್ತದೆ.

5. ಪಂದ್ಯದ ಲೆಕ್ಕ

ಕಾಲು ಮೈಲಿಯ, ಅಂದರೆ 402 ಮೀಟರಿನ ಓಟದಲ್ಲಿ ನಿಯಮ ಸರಳ: ಗೆರೆ ದಾಟುವಾಗ ಎಂಜಿನು ತನ್ನ ಪರಮ ಶಕ್ತಿಯ ಸುತ್ತನ್ನು ಮುಟ್ಟಿರಬೇಕು ಅಥವಾ ಸ್ವಲ್ಪ ಮೀರಿರಬೇಕು. ಕಾರು 160 ಕಿಲೋಮೀಟರ್ ವೇಗದಲ್ಲಿ ನೇರ ಗೇರಿನಲ್ಲಿ ಗೆರೆ ದಾಟುವುದಾದರೆ ಚಕ್ರದ ಸುತ್ತು 1,285. ಜಾರುವಿಕೆಗೆ ನೂರಕ್ಕೆ ಐದು ಸೇರಿಸಿದರೆ ಎಂಜಿನಿನ ಸುತ್ತು 3.08ರಲ್ಲಿ 4,160, 3.73ರಲ್ಲಿ 5,030, 4.10ರಲ್ಲಿ 5,530. ಎಂಜಿನಿನ ಪರಮ ಶಕ್ತಿ 5,000ದಲ್ಲಿದ್ದರೆ 3.73 ಸರಿ, 5,500ರಲ್ಲಿದ್ದರೆ 4.10 ಸರಿ. ಎಂಜಿನನ್ನು ಅರಿಯದೆ ಗೇರು ಆರಿಸುವುದು ಕಾಲಿನ ಅಳತೆ ನೋಡದೆ ಜೋಡು ಕೊಂಡಂತೆ.

6. ಈಗ ಇರುವ ಅನುಪಾತವನ್ನು ತಿಳಿಯುವ ಬಗೆ

ಎಂಜಿನು ಆರಿಸಿ, ಮುಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಹಿಂಭಾಗವನ್ನು ಎತ್ತಿ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ. ಬರಿಯ ಜಾಕಿಯನ್ನು ನಂಬಿ ಕೆಳಗೆ ಹೋಗಲೇಬಾರದು. ಗೇರನ್ನು ನ್ಯೂಟ್ರಲಿಗೆ ತಂದು, ಕೈಬ್ರೇಕು ಬಿಟ್ಟು, ಟೈರಿಗೂ ದಂಡಕ್ಕೂ ಸೀಮೆಸುಣ್ಣದ ಗುರುತು ಹಾಕಿ. ಎರಡು ಚಕ್ರಗಳೂ ಒಂದೇ ದಿಕ್ಕಿಗೆ ತಿರುಗುವ ಅಚ್ಚಾದರೆ ಚಕ್ರವನ್ನು 10 ಸುತ್ತು ತಿರುಗಿಸಿ. ದಂಡ 41 ಸುತ್ತಿದರೆ 4.10, 37 ದಾಟಿ ಕಾಲು ಸುತ್ತಿನಷ್ಟು ಹೋದರೆ 3.73. ಸಾಮಾನ್ಯ ಡಿಫರೆನ್ಷಿಯಲ್ಲಾದರೆ ಒಂದು ಚಕ್ರವನ್ನು ಅಲುಗದಂತೆ ಹಿಡಿದು ಇನ್ನೊಂದನ್ನು 20 ಸುತ್ತು ತಿರುಗಿಸಬೇಕು.

7. ಜೊತೆಯಲ್ಲಿ ಬರುವ ಕೆಲಸಗಳು

ಟೈರು ದೊಡ್ಡದಾದರೆ ಗೇರು ಚಿಕ್ಕದಾದಂತೆ. 26 ಅಂಗುಲದ ಬದಲು 28 ಅಂಗುಲದ ಟೈರು ಹಾಕಿದರೆ 3.73ರ ಕಾರು 3.46ರಂತೆ ನಡೆಯುತ್ತದೆ. ಗೇರುಪೆಟ್ಟಿಗೆಯಿಂದ ನಡೆಯುವ ವೇಗಮಾಪಕದ ಚಿಕ್ಕ ಗೇರನ್ನೂ ಬದಲಿಸಬೇಕು, 3.08 ತೆಗೆದು 3.73 ಹಾಕಿ ಇದನ್ನು ಮರೆತರೆ ನಿಜವಾದ 100 ಕಿಲೋಮೀಟರನ್ನು ಅದು 121 ಎಂದು ತೋರಿಸುತ್ತದೆ. ಕ್ರೌನ್ ಗಾಲಿಯನ್ನು ಹೊರುವ ಒಳಗೂಡು ಎಲ್ಲ ಅನುಪಾತಗಳಿಗೂ ಒಂದೇ ಆಗಿರುವುದಿಲ್ಲ. ಕೊಳ್ಳುವ ಮೊದಲು ವಿಚಾರಿಸಬೇಕು. ಹಲ್ಲುಗಳ ನಡುವಿನ ಸಡಿಲವನ್ನು ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ ಅಳೆದು, ಬಣ್ಣ ಹಚ್ಚಿ ಹಲ್ಲು ತಾಗುವ ಗುರುತನ್ನು ನೋಡಿ ಕೂಡಿಸಬೇಕಾದುದರಿಂದ ಇದು ಪಳಗಿದ ಕೈಯ ಕೆಲಸ. ಕೂಲಿ ಉಳಿಸಲು ಹೋಗಿ ಹೊಸ ಗೇರನ್ನೇ ಹಾಳುಮಾಡಿಕೊಳ್ಳುವುದು ಜಾಣತನವಲ್ಲ.

ಸಾರಾಂಶ

ಮೂರು ಗೇರಿನ ಪೆಟ್ಟಿಗೆಯುಳ್ಳ, ದಿನವೂ ದೂರ ಓಡುವ ಕಾರಿಗೆ 3.08ರಿಂದ 3.31, ವಾರಕ್ಕೊಮ್ಮೆ ಹೊರಡುವ ಚುರುಕು ಕಾರಿಗೆ 3.55 ಅಥವಾ 3.73, ಪಂದ್ಯಕ್ಕೇ ಮೀಸಲಾದರೆ 4.10. ಓವರ್‌ಡ್ರೈವ್ ಇದ್ದರೆ ದಿನದ ಕಾರಿಗೂ 3.73 ಒಪ್ಪುತ್ತದೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ, ಮುಂದಿನ ಚಕ್ರಗಳಿಂದ ಓಡುವ ಕಾರುಗಳಲ್ಲಿ ಈ ಕೊನೆಯ ಗೇರು ಗೇರುಪೆಟ್ಟಿಗೆಯ ಗೂಡಿನಲ್ಲೇ ಇರುತ್ತದೆ. ಲೆಕ್ಕ ಮಾತ್ರ ಇದೇ. ಎಂಜಿನು, ಕನ್ವರ್ಟರು, ಗೇರುಪೆಟ್ಟಿಗೆ, ಅಚ್ಚು, ಟೈರು ಈ ಐದೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು. ಒಂದನ್ನು ಮಾತ್ರ ಹೊಡೆದರೆ ಗಾಡಿ ಮುಂದೆ ಸಾಗದು.

ಅಭ್ಯಾಸ

ಅ) 4.10ರ ಕಾರಿಗೆ 26ರ ಬದಲು 28 ಅಂಗುಲದ ಟೈರು ಹಾಕಿದರೆ ಅದು ಯಾವ ಅನುಪಾತದಂತೆ ನಡೆಯುತ್ತದೆ?
ಆ) 700ಆರ್4ರ ಜೊತೆ 3.55 ಕೊಡುವ ಮೊದಲ ಗೇರಿನ ಬಲವನ್ನೇ 400ರಿಂದ ಪಡೆಯಲು ಅಚ್ಚಿನಲ್ಲಿ ಯಾವ ಅನುಪಾತ ಬೇಕು? 100 ಕಿಲೋಮೀಟರ್ ವೇಗದಲ್ಲಿ ಎರಡರ ಎಂಜಿನಿನ ಸುತ್ತೆಷ್ಟು?

ಉತ್ತರ: ಅ) 3.81. ಆ) 4.38, ಮೊದಲಿನದು ಓವರ್‌ಡ್ರೈವಿನಲ್ಲಿ ಸುಮಾರು 2,000, ಎರಡನೆಯದು ನೇರ ಗೇರಿನಲ್ಲಿ ಸುಮಾರು 3,520.