ಒತ್ತಡ ಬೇರೆ, ಇಕ್ಕಟ್ಟು ಬೇರೆ



ಬೆಂಗಳೂರಿನಿಂದ ಫೋನ್ ಮಾಡುವ ನಿಮ್ಮಲ್ಲಿ ಬಹಳ ಮಂದಿ "ಪಾಸ್ಟರ್, ಪ್ರೆಶರ್ ಜಾಸ್ತಿ ಆಗೇತ್ರಿ" ಅಂತೀರಿ. ಯಾವ ಪ್ರೆಶರ್ ಅಂತ ನಾನು ಕೇಳ್ತೀನಿ. ನಮ್ಮ ಹಂಸಭಾವಿಯಲ್ಲಿ ಹಿರಿಯರು ಪ್ರೆಶರ್ ಅಂದ್ರ ಅದು ಬಿಪಿ. ಅದಾಗಿದ್ರೆ ಪ್ರಾರ್ಥನೆ ಮಾಡೋಣ, ಆದರೆ ಗುಳಿಗೆ ಬಿಡಬ್ಯಾಡ್ರಿ.

ಉಳಿದದ್ದಕ್ಕೆ ಕನ್ನಡದಲ್ಲಿ ಬೇರೆ ಬೇರೆ ಮಾತುಗಳಿವೆ. ಆಫೀಸಿನ ಟಾರ್ಗೆಟ್ಟು, ಸಾಲದ ಕಂತು ಒತ್ತಡ. ಮನಸ್ಸಿಲ್ಲದ ಮದುವೆಗೆ ಮನೆಯವರು ಪಟ್ಟು ಹಿಡಿದರೆ ಅದು ಒತ್ತಾಯ. ಬಿದ್ದಾಗ ಬೆನ್ನಿಗೆ ನಿಂತರೆ ಒತ್ತಾಸೆ. ಮೂರನ್ನೂ ಪ್ರೆಶರ್ ಅಂದುಬಿಟ್ಟರೆ ಯಾವುದಕ್ಕಾಗಿ ಪ್ರಾರ್ಥಿಸಬೇಕೋ ನಮಗೇ ತಿಳಿಯೋದಿಲ್ಲ.

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಒತ್ತುವುದಕ್ಕೆ 'ಥ್ಲಿಬೋ' ಎಂಬ ಕ್ರಿಯಾಪದವಿದೆ. ನಾವು ಸಂಕಟ ಎಂದು ಓದುವ 'ಥ್ಲಿಪ್ಸಿಸ್' ಅದಕ್ಕೆ ಸೇರಿದ್ದು. ಮಾರ್ಕ 3:9ರಲ್ಲಿ ಈ ಕ್ರಿಯಾಪದ ಮೈಗೇ ತಾಗುವಂಥದ್ದು: ಜನ ಮೇಲೆ ಬಿದ್ದು ನೂಕುತ್ತಾರೆ. ಸಂತೆ ದಿನದ ಬಸ್ಸಿನ ಬಾಗಿಲು ನೆನಸ್ಕೊಳ್ರಿ. ಆಗ ಯೇಸು ಏನು ಮಾಡಿದನು? ತನಗಾಗಿ ಒಂದು ಚಿಕ್ಕ ದೋಣಿ ಸಿದ್ಧ ಇಡಿರಿ ಅಂತ ಶಿಷ್ಯರಿಗೆ ಹೇಳಿದನು. ರಜೆ ಕೇಳಿದರೆ ನಂಬಿಕೆ ಕಡಿಮೆ ಅನ್ನುವವರಿಗೆ ಈ ವಚನ ತೋರಿಸ್ರಿ.

2 ಕೊರಿಂಥ 4:8ರಲ್ಲಿ ಪೌಲನು ಅದೇ ಕ್ರಿಯಾಪದ ಬಳಸಿ, ಪಕ್ಕದಲ್ಲೇ ಇನ್ನೊಂದನ್ನು ಇಡುತ್ತಾನೆ. ಅದರೊಳಗೆ 'ಇಕ್ಕಟ್ಟಾದ ಜಾಗ' ಎಂಬ ಅರ್ಥ ಅಡಗಿದೆ. ಎಲ್ಲಾ ಕಡೆಯಿಂದ ಒತ್ತಡ ಐತಿ, ಆದರೆ ಹೊರಳಲು ಜಾಗವೇ ಇಲ್ಲ ಅನ್ನುವಂತಿಲ್ಲ ಅಂತಾನೆ. ಒತ್ತಡ ಇಲ್ಲ ಅಂತ ಅವನು ಸುಳ್ಳು ಹೇಳಲಿಲ್ಲ ನೋಡ್ರಿ.

ಅದೇ ಪತ್ರದ 1:8ರಲ್ಲಿ ಇನ್ನೂ ತೆರೆದು ಹೇಳುತ್ತಾನೆ. ಆಸ್ಯ ಸೀಮೆಯಲ್ಲಿ ಭಾರ ಶಕ್ತಿ ಮೀರಿತ್ತು, ಬದುಕುವ ಆಸೆಯೇ ಹೋಗಿತ್ತು. ಅಪೊಸ್ತಲನು ಇದನ್ನು ಸಭೆಗೆ ಬರೆದು ಕಳಿಸಿದನು. ನಮ್ಮ ಸಭೆಗಳಲ್ಲಿ ಯೌವನಸ್ಥರು ಸಾಕ್ಷಿ ಹೇಳುವಾಗ ಇಂಥ ಮಾತನ್ನು ನುಂಗಿಬಿಡ್ತಾರೆ, ಇದು ನನಗೆ ದುಃಖ. 11ನೇ ವಚನದಲ್ಲಿ ಪೌಲನು ಕೊರಿಂಥದವರ ಪ್ರಾರ್ಥನೆಯನ್ನು ಸಹಾಯವೆಂದೇ ಎಣಿಸುತ್ತಾನೆ. ಒತ್ತಾಸೆ ಅಂದ್ರ ಇದೇ.

ಬದುಕು ಸಾಕು ಅಂತ ನಿಮ್ಮಲ್ಲಿ ಯಾರಿಗಾದರೂ ಅನಿಸಿದ್ರೆ, ಭಾನುವಾರದ ತನಕ ಕಾಯಬ್ಯಾಡ್ರಿ. ರಾತ್ರಿ ಎರಡು ಗಂಟೆಗಾದರೂ ನನಗೆ ಫೋನ್ ಹಚ್ಚರಿ. ಸರ್ಕಾರದ ಟೆಲಿ ಮಾನಸ್ ನಂಬರು 14416, ಕನ್ನಡದಲ್ಲೂ ಮಾತಾಡ್ತಾರ. ಅದನ್ನೂ ಈಗಲೇ ಮೊಬೈಲಿನಲ್ಲಿ ಬರಕೊಳ್ರಿ.